ಬಿಲ್ಲೆಯ ಬೆನ್ನು, ಬಿಲ್ಲೆಯ ಅಂಚು

ಫ್ರಾನ್ಸಿನ ಮೇಲಣ ಯುದ್ಧವನ್ನು ಗೆದ್ದು, ನೂತನ ಜರ್ಮನ್ ಸಾಮ್ರಾಜ್ಯದ ಕೈಸರನೆನಿಸಿಕೊಂಡ ಒಂದನೆಯ ವಿಲ್‌ಹೆಲ್ಮನು 1871ನೆಯ ಇಸವಿ ಮೇ ತಿಂಗಳ 20ರಂದು ತನ್ನ ಯೋಧರಿಗಾಗಿ ಒಂದು ಸ್ಮಾರಕ ಪದಕವನ್ನು ಸ್ಥಾಪಿಸಿದಾಗ, ಅದನ್ನು ಶತ್ರುವಿನಿಂದ ಕಸಿದುಕೊಂಡ ಫಿರಂಗಿಗಳನ್ನು ಕರಗಿಸಿದ ಕಂಚಿನಿಂದಲೇ ಮಾಡಿಸಲಾಯಿತು. ಆ ಸಂಗತಿ ಜನರ ನೆನಪಿನಿಂದ ಜಾರಿಹೋಗದಿರಲೆಂದು, ಪದಕದ ಮುಖದ ಮೇಲೂ ಅಲ್ಲದೆ, ಬೆನ್ನಿನ ಮೇಲೂ ಅಲ್ಲದೆ, ಬೆರಳ ತುದಿಗೆ ಮಾತ್ರ ತಗಲುವ ಅದರ ಕಿರಿದಾದ ಅಂಚಿನ ಮೇಲೆ, ‘ಗೆದ್ದುಕೊಂಡ ಫಿರಂಗಿಯಿಂದ’ ಎಂಬರ್ಥದ ಮೂರು ಜರ್ಮನ್ ಪದಗಳನ್ನು ಒತ್ತಿಸಿದರು. ರಣರಂಗದಲ್ಲಿ ಹೋರಾಡದೆ ಅನ್ಯಸೇವೆ ಸಲ್ಲಿಸಿದವರಿಗೆ ದೊರೆತ ಪದಕವು ಉಕ್ಕಿನದು. ಅದಕ್ಕೂ ಫಿರಂಗಿಗೂ ಸಂಬಂಧವಿಲ್ಲ. ಇಂತಹ ಪದಕವೊಂದು ಕೈಗೆ ಬಂದಾಗ ಹೊಸಬನಾದ ಸಂಗ್ರಾಹಕನು ಕಿರೀಟವನ್ನೂ ರಾಜಮುದ್ರೆಯ ಅಕ್ಷರವನ್ನೂ ನೋಡಿ ತಣಿಯುತ್ತಾನೆ. ನುರಿತವನು ಅದನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ದೀಪದ ಬಳಿ ನಿಧಾನವಾಗಿ ತಿರುಗಿಸುತ್ತಾ, ಅಂಚಿನ ಆ ಸಣ್ಣ ಅಕ್ಷರಗಳು ತೀಕ್ಷ್ಣವಾಗಿವೆಯೋ, ಮೇಣದಲ್ಲಿ ಮೂಡಿದಂತೆ ಮೊಂಡಾಗಿವೆಯೋ ಎಂಬುದನ್ನು ಮೊದಲು ಪರೀಕ್ಷಿಸುತ್ತಾನೆ.

ನಕಲಿಗಾರನ ಸಮಸ್ತ ಶ್ರಮವೂ ಮುಖದ ಮೇಲೆಯೇ ವ್ಯಯವಾಗುತ್ತದೆ. ಕೊಳ್ಳುವವನು ನೋಡುವುದು ಮುಖವನ್ನೆಂದು ಅವನು ಬಲ್ಲ. ಆದುದರಿಂದ ಸತ್ಯವನ್ನು ಅರಸುವವನು ಬೆನ್ನಿಗೂ ಅಂಚಿಗೂ ಹೋಗಬೇಕು. ಈ ವಸ್ತು ಹೇಗೆ ಕಾಣುತ್ತದೆಂದು ಕೇಳುವುದಕ್ಕೆ ಮುಂಚೆ, ಇದನ್ನು ಹೇಗೆ ಮಾಡಿದರೆಂದು ಕೇಳಬೇಕು.

ಮಾಡಿದ ಬಗೆಯನ್ನು ಅರಿಯಬೇಕಾದರೆ ಮಾಡಿದ ಊರುಗಳನ್ನು ಸ್ವಲ್ಪವಾದರೂ ಅರಿತಿರಬೇಕು. ವೆಸ್ಟ್‌ಫಾಲಿಯದ ಗುಡ್ಡಗಳ ನಡುವಣ ಲ್ಯೂಡೆನ್‌ಶೈಡ್ ಎಂಬ ಪಟ್ಟಣವು ಗುಂಡಿ ಮತ್ತು ಬಕ್ಕಲುಗಳ ತಯಾರಿಕೆಯಿಂದ ಹೆಸರಾಗಿ, ಅದೇ ಕೌಶಲದಿಂದ ಲಕ್ಷಗಟ್ಟಲೆ ಬಿಲ್ಲೆಗಳನ್ನು ಜರ್ಮನ್ ದೇಶಕ್ಕೆಲ್ಲ ಒದಗಿಸಿತು. ದಕ್ಷಿಣದ ಫೋರ್ಟ್ಸ್‌ಹೈಮ್ ಆಭರಣಕಾರರ ಊರು. ಬರ್ಲಿನ್ನಿನಲ್ಲಿ ಆಸ್ಥಾನದ ಅಕ್ಕಸಾಲಿಗರ ಮನೆತನಗಳಿದ್ದುವು. ರೆಜಿಮೆಂಟಿನ ಪುನರ್ಮಿಲನ, ನಗರದ ಶತಮಾನೋತ್ಸವ, ವ್ಯಾಯಾಮ ಸಂಘದ ಮೇಳ, ಗಾಯನ ಮಂಡಳಿಯ ಉತ್ಸವ, ಕೈಸರನ ಹುಟ್ಟುಹಬ್ಬ, ಎಲ್ಲಕ್ಕೂ ಒಂದೊಂದು ಬಿಲ್ಲೆ. 1933ರಿಂದಾಚೆಗೆ ಚಳಿಗಾಲದ ಪರಿಹಾರ ನಿಧಿಯೆಂಬ ಹೆಸರಿನಲ್ಲಿ ಬೀದಿಬೀದಿಗಳಲ್ಲಿ ಡಬ್ಬಿ ಹಿಡಿದು ವಂತಿಗೆ ಎತ್ತುತ್ತಿದ್ದಾಗ, ಕೊಟ್ಟವರ ಅಂಗಿಗೆ ಸಿಕ್ಕಿಸಲೆಂದು ಗಾಜು, ಪಿಂಗಾಣಿ, ಮರ, ತಗಡು, ಕಾಗದ, ಬಟ್ಟೆಗಳಿಂದಲೂ ಪುಟ್ಟ ಬಿಲ್ಲೆಗಳನ್ನು ಮಾಡಿಸಿದರು. ಟ್ಯೂರಿಂಗಿಯದ ಲೌಶಾ ಊರಿನ ಗಾಜುಗಾರರಿಗೂ ಎರ್ತ್ಸ್‌ಗೆಬಿರ್ಗೆ ಸೀಮೆಯ ಮರದ ಕುಶಲಿಗಳಿಗೂ ಅದರಿಂದ ಕೆಲಸ ದೊರೆಯಿತು. ಇಷ್ಟು ಹೇರಳವಾಗಿ ಹುಟ್ಟಿದ ವಸ್ತುವಿಗೆ ನಕಲಿಯ ಆವಶ್ಯಕತೆಯೇನೆಂದು ವಾಚಕರು ಕೇಳಬಹುದು. ಅಗ್ಗದ ಬಿಲ್ಲೆಗೆ ನಿಜವಾಗಿಯೂ ನಕಲಿ ವಿರಳ. ವಿರಳವಾದುದಕ್ಕೆ, ಕುಖ್ಯಾತವಾದುದಕ್ಕೆ ನಕಲಿ ವಿಪುಲ.

ನನ್ನ ಮೊದಲ ಪಾಠವನ್ನು ನಾನು ಹಣ ತೆತ್ತು ಕಲಿತೆ. 1936ರ ಬರ್ಲಿನ್ ಒಲಿಂಪಿಕ್ ಕ್ರೀಡೆಗಳ ನೆನಪಿನದೆಂದು ಹೇಳಿ, ಬ್ರಾಂಡೆನ್‌ಬುರ್ಗ್ ಮಹಾದ್ವಾರವೂ ಐದು ಬಳೆಗಳೂ ಮೂಡಿದ್ದ ಒಂದು ಬಿಲ್ಲೆಯನ್ನು ಹಳೆಯ ಸಾಮಾನಿನ ವ್ಯಾಪಾರಿಯೊಬ್ಬರು ನನಗೆ ಮಾರಿದ್ದರು. ಅದನ್ನು ಬಹುದಿನ ಅಕ್ಕರೆಯಿಂದ ಇಟ್ಟುಕೊಂಡಿದ್ದು, ಒಮ್ಮೆ ಪರಿಚಯದ ಅಕ್ಕಸಾಲಿಗರೊಬ್ಬರಿಗೆ ತೋರಿಸಿದೆನು. ಜರ್ಮನಿಯ ಚರಿತ್ರೆಯಾಗಲಿ ಒಲಿಂಪಿಕ್ ಆಟಗಳಾಗಲಿ ಅವರ ಗಮನಕ್ಕೆ ಬಂದ ವಿಷಯಗಳಲ್ಲ. ಅವರು ಅದನ್ನು ಒಡನೆಯೇ ಬೋರಲು ಹಾಕಿ, ಕಣ್ಣಿಗೆ ಭೂತಗನ್ನಡಿ ಏರಿಸಿ, “ಇದು ಒತ್ತಿದ್ದಲ್ಲ ಸ್ವಾಮಿ, ಎರೆದದ್ದು” ಎಂದರು. ಬಯಲಾದ ಜಾಗಗಳಲ್ಲಿ ಸೂಜಿಮೊನೆಯಷ್ಟು ಸಣ್ಣ ಗುಳಿಗಳು ಕಾಣುತ್ತಿದ್ದುವು. ಎರಕದಲ್ಲಿ ಗಾಳಿಯ ಗುಳ್ಳೆ ಸಿಕ್ಕಿಕೊಂಡು ಆಗುವ ಕುಳಿಗಳವು. ಅಂಚಿನ ನಡುವೆ ಅಚ್ಚಿನ ಎರಡು ಹೋಳುಗಳು ಕೂಡಿದ ಕಡೆ ಗೆರೆಯೊಂದಿದ್ದು, ಅದನ್ನು ಅರದಿಂದ ಉಜ್ಜಿ ಮರೆಮಾಡಿದ ಗುರುತು ಸ್ಪಷ್ಟವಾಗಿತ್ತು. ದ್ವಾರದ ಕಂಬಗಳ ನಡುವಣ ಸಂದುಗಳಲ್ಲಿ ಇರಬೇಕಾದ ಕಡಿದಾದ ಇಳಿತವಿಲ್ಲದೆ ಲೋಹವು ಸಾಬೂನು ಸವೆದಂತೆ ಇಳಿಜಾರಾಗಿತ್ತು.

ಈ ಭೇದವೇ ಸಕಲ ಪರೀಕ್ಷೆಯ ತಳಹದಿ. ಕಾರ್ಖಾನೆಯ ಬಿಲ್ಲೆಯು ಉಕ್ಕಿನ ಅಚ್ಚಿನ ಕೆಳಗೆ ಹಲವು ಟನ್ನುಗಳ ಒತ್ತಡದಿಂದ ಒತ್ತಲ್ಪಟ್ಟುದು; ಆ ಒತ್ತಡಕ್ಕೆ ಲೋಹವು ಅಚ್ಚಿನ ಮೂಲೆಮೂಲೆಗೂ ನುಗ್ಗಿ, ಗೆರೆಗಳನ್ನು ಹರಿತವಾಗಿಯೂ ಬಯಲನ್ನು ನುಣುಪಾಗಿಯೂ ಮಾಡುತ್ತದೆ. ನಕಲಿಗಾರನಿಗೆ ಉಕ್ಕಿನ ಅಚ್ಚನ್ನು ಕೆತ್ತಿಸುವ ಸಾಮರ್ಥ್ಯವಾಗಲಿ ಸಹನೆಯಾಗಲಿ ಸಾಧಾರಣವಾಗಿ ಇರುವುದಿಲ್ಲ. ಅವನು ನಿಜವಾದ ಬಿಲ್ಲೆಯೊಂದರಿಂದ ಪಡಿಯಚ್ಚು ತೆಗೆದು ಅದಕ್ಕೆ ಲೋಹವನ್ನು ಎರೆಯುತ್ತಾನೆ. ಎರಕವು ಆರುವಾಗ ಕುಗ್ಗುವುದರಿಂದ ನಕಲಿಯು ಮೂಲಕ್ಕಿಂತ ಕೂದಲೆಳೆಯಷ್ಟು ಕಿರಿದಾಗಿರುವುದು. ಕ್ಯಾಲಿಪರ್ಸಿನಿಂದ ಅಳೆದರೆ ಈ ಅಂತರ ಹೊರಬೀಳುವುದು. ಆದರೂ ಎರಕವೆಂದ ಮಾತ್ರಕ್ಕೆ ಎಲ್ಲವೂ ನಕಲಿಯೆಂದು ತೀರ್ಮಾನಿಸಬಾರದು. ಮ್ಯೂನಿಕ್ ನಗರದ ಪದಕಶಿಲ್ಪಿ ಕಾರ್ಲ್ ಗೆಟ್ಸ್‌ನಂಥವರು ತಮ್ಮ ಕಲಾಪದಕಗಳನ್ನು ಎರಕದಿಂದಲೇ ಮಾಡಿದರು. ಯಾವ ಕಾಲದಲ್ಲಿ, ಯಾವ ಊರಿನಲ್ಲಿ, ಯಾವ ಬಿಲ್ಲೆಗೆ ಯಾವ ವಿಧಾನವೆಂಬ ಅರಿವಿಲ್ಲದೆ ಭೂತಗನ್ನಡಿಯೊಂದೇ ಏನನ್ನೂ ಹೇಳಲಾರದು.

ಬೆನ್ನಿಗೆ ಬರೋಣ. ಅಲ್ಲಿರುವುದು ಪಿನ್ನು, ಅದರ ತಿರುಗಣಿ, ಅದನ್ನು ಸಿಕ್ಕಿಸುವ ಕೊಂಡಿ, ಇವುಗಳ ಬೆಸುಗೆ ಮತ್ತು ತಯಾರಕರ ಗುರುತು. ವರ್ಷಗಳ ಕಾಲ ತೆರೆದು ಮುಚ್ಚಿದ ಪಿನ್ನು ಕೊಂಡಿಯ ಒಳಬದಿಯಲ್ಲಿ ಹೊಳಪಾದ ಒಂದು ಕಚ್ಚನ್ನು ಮಾಡಿರುತ್ತದೆ. ಮುಖವೆಲ್ಲ ಸವೆದು ಕೊಂಡಿ ಮಾತ್ರ ನವನವೀನವಾಗಿದ್ದರೆ ಆ ಸವೆತವನ್ನು ನಂಬಲಾಗದು. ನಿಜವಾದ ಸವೆತವು ಉಬ್ಬಿದ ಭಾಗಗಳನ್ನು ಮಾತ್ರ ತಿನ್ನುತ್ತದೆ. ಕೃತಕವಾಗಿ ಮುದಿಗೊಳಿಸಿದ ಬಿಲ್ಲೆಯಲ್ಲಿ ಉಬ್ಬೂ ತಗ್ಗೂ ಒಂದೇ ಸಮನೆ ಮಂಕಾಗಿರುತ್ತವೆ. ವಿನಿಗರ್, ಅಮೋನಿಯ ಅಥವಾ ಹಸಿಮಣ್ಣಿನಲ್ಲಿ ಹುದುಗಿಸಿ ತರಿಸಿದ ಕಿಲುಬು ಮೇಲ್ಮೆಯಲ್ಲಿ ಪುಡಿಯಂತೆ ಕುಳಿತಿದ್ದು ಒದ್ದೆ ಬಟ್ಟೆಗೆ ಬಂದುಬಿಡುತ್ತದೆ. ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳ ಸತುವಿನ ಬಿಲ್ಲೆಗಳ ಮೇಲೆ ತಾನಾಗಿ ಕವಿದ ಬೂದುಬಣ್ಣದ ಮಂಕು ಒಳಗಿನಿಂದಲೇ ಹುಟ್ಟಿದುದಾದ್ದರಿಂದ ಹೀಗೆ ಒರಸಿದರೆ ಹೋಗುವುದಿಲ್ಲ.

ಎನಾಮೆಲಿನ ವಿಷಯದಲ್ಲೂ ಇದೇ ಮಾತು. ಹಿಂದಿನವರು ಗಾಜಿನ ಪುಡಿಯನ್ನು ಕುಲುಮೆಯ ಬಿಸಿಯಲ್ಲಿ ಲೋಹಕ್ಕೆ ಕರಗಿಸಿ ಕೂಡಿಸುತ್ತಿದ್ದರು. ಅದು ಗಾಜಿನಂತೆಯೇ ಗಡುಸು, ಹೊಡೆದರೆ ಚಕ್ಕೆಯಾಗಿ ಸಿಡಿಯುವುದು, ಓರೆಬೆಳಕಿನಲ್ಲಿ ಒಳಗಿನಿಂದ ಕಾಂತಿ ತೋರುವುದು. ಈಗಿನ ನಕಲಿಯ ಬಣ್ಣವು ರಾಳದಂತಹ ಪದಾರ್ಥ. ನಡುವೆ ತಗ್ಗಾಗಿ ಕುಳಿತು, ಉಗುರು ತಾಗಿಸಿದರೆ ಮೆತುವಾದ ಅನುಭವ ಕೊಡುತ್ತದೆ. ಅದನ್ನು ಕಾದ ಸೂಜಿಯಿಂದ ಚುಚ್ಚಿ ನೋಡಬೇಕೆನ್ನುವವರಿದ್ದಾರೆ. ಆ ಸಲಹೆಯನ್ನು ನಾನು ಒಪ್ಪುವುದಿಲ್ಲ, ನಿಜವಾದ ಬಿಲ್ಲೆಗೂ ಗಾಯವಾಗುವ ಪರೀಕ್ಷೆಯನ್ನು ಮಾಡಲೇಬಾರದು. ನೇತುಹಾಕುವ ರಿಬ್ಬನ್ನಿಗಾದರೋ ಅತಿನೇರಳೆ ದೀಪ ಸಾಕು: ಎರಡನೆಯ ಮಹಾಯುದ್ಧಾನಂತರ ಬಟ್ಟೆಗೂ ಕಾಗದಕ್ಕೂ ಬೆಳ್ಪು ಕೊಡಲು ವ್ಯಾಪಕವಾಗಿ ಬೆರೆಸಲಾದ ರಸಾಯನಗಳು ಆ ದೀಪದ ಕೆಳಗೆ ನೀಲಿಯಾಗಿ ಬೆಳಗುತ್ತವೆ, ಅದಕ್ಕೂ ಹಿಂದಿನ ನೂಲು ಕತ್ತಲಾಗಿಯೇ ಉಳಿಯುತ್ತದೆ.

ಅಕ್ಷರಗಳೂ ಸಾಕ್ಷಿ ನುಡಿಯುತ್ತವೆ. ಜರ್ಮನರ ಫ್ರಾಕ್ಟುರ್ ಲಿಪಿಯಲ್ಲಿ ‘ಸ’ಕಾರಕ್ಕೆ ಎರಡು ರೂಪಗಳಿವೆ: ಪದದ ಆದಿಯಲ್ಲೂ ನಡುವೆಯೂ ನೀಳವಾದುದು, ಕೊನೆಯಲ್ಲಿ ಸುರುಳಿಯಾದುದು. ಆ ಲಿಪಿಯ ಬಳಕೆ ತಪ್ಪಿಹೋದ ಮೇಲೆ ಕೆಲಸಕ್ಕೆ ಕೂತ ನಕಲಿಗಾರನು ಎಲ್ಲೆಡೆಯೂ ಸುರುಳಿಯನ್ನೇ ಹಾಕಿಬಿಡುತ್ತಾನೆ. ದೀರ್ಘವಿರಬೇಕಾದಲ್ಲಿ ಹ್ರಸ್ವ ಕೆತ್ತಿದ ಶಾಸನವನ್ನು ನಮ್ಮ ವಿದ್ವಾಂಸರು ಸಂದೇಹದಿಂದ ನೋಡುವಂತೆ, ಇಂತಹ ಬಿಲ್ಲೆಯನ್ನೂ ಸಂದೇಹದಿಂದಲೇ ನೋಡಬೇಕು. ಬೆಳ್ಳಿಯ ಮೇಲಿನ ಅರ್ಧಚಂದ್ರ ಹಾಗೂ ಕಿರೀಟದ ಮುದ್ರೆಯು 1884ರ ಕಾಯಿದೆಯಿಂದ ಹುಟ್ಟಿ 1888ರಲ್ಲಿ ಜಾರಿಗೆ ಬಂದುದು. 1871ರಲ್ಲೇ ಮಾಡಿದ್ದೆಂದು ಮಾರುವ ಬೆಳ್ಳಿಯ ಬಿಲ್ಲೆಯ ಮೇಲೆ ಆ ಮುದ್ರೆ ಇದ್ದರೆ, ಮಾರುವವರ ಮಾತು ಸುಳ್ಳೆಂಬುದನ್ನು ಕಾಯಿದೆಯೇ ಹೇಳುತ್ತದೆ.

ಜರ್ಮನರ ಸ್ಮಾರಕಗಳಲ್ಲಿ ನನ್ನ ಮನಸ್ಸನ್ನು ಬಹಳವಾಗಿ ಕಲಕಿದುದು 1934ರ ಜುಲೈ 13ರಂದು ರಾಷ್ಟ್ರಾಧ್ಯಕ್ಷ ಹಿಂಡೆನ್‌ಬುರ್ಗ್ ಸ್ಥಾಪಿಸಿದ ಮಹಾಯುದ್ಧದ ಗೌರವ ಶಿಲುಬೆ. ರಣರಂಗದಲ್ಲಿ ಹೋರಾಡಿದವರಿಗೆ ಖಡ್ಗಗಳಿದ್ದುದು, ಇತರ ಸೇವೆ ಮಾಡಿದವರಿಗೆ ಖಡ್ಗಗಳಿಲ್ಲದುದು, ಗಂಡನನ್ನೋ ಮಗನನ್ನೋ ಕಳೆದುಕೊಂಡವರಿಗೆ ಕಪ್ಪು ಬಣ್ಣದ್ದು. ಎಲ್ಲವೂ ಸೇರಿ ಎಂಬತ್ತು ಲಕ್ಷದಷ್ಟು ಹಂಚಲ್ಪಟ್ಟುವು. ಕಬ್ಬಿಣದ ಮೇಲೆ ಕಂಚಿನ ಲೇಪವಾದ್ದರಿಂದ ಅಯಸ್ಕಾಂತಕ್ಕೆ ಅಂಟುತ್ತದೆ. ಬೆನ್ನಮೇಲೆ ತಯಾರಕರ ಗುರುತಿರುತ್ತದೆ. ಖಡ್ಗವಿರುವುದು ಹೇರಳ, ಕಪ್ಪು ಬಣ್ಣದ್ದು ವಿರಳ. ಆದ್ದರಿಂದ ಖಡ್ಗವಿಲ್ಲದ ಸಾಮಾನ್ಯ ಶಿಲುಬೆಗೆ ಕಪ್ಪು ಬಳಿದು ವಿಧವೆಯದೆಂದು ಮಾರುವ ನೀಚತನಕ್ಕೆ ಅವಕಾಶವಾಯಿತು. ಭೂತಗನ್ನಡಿಯ ಕೆಳಗೆ ಇಟ್ಟು ನೋಡಿರಿ: ನಿಜವಾದುದರಲ್ಲಿ ಉಬ್ಬಿದ ಕಡೆ ಬಣ್ಣ ಸವೆದಿರುತ್ತದೆ, ಬಳಿದುದರಲ್ಲಿ ಸವೆದ ಉಬ್ಬಿನ ಮೇಲೂ ಬಣ್ಣ ಹಸನಾಗಿ ಕುಳಿತಿರುತ್ತದೆ. ಸವೆತದ ಮೇಲೆ ಬಣ್ಣ ಬಂದಿತೆಂದರೆ ಬಣ್ಣ ಆಮೇಲಿನದು. ಜೊತೆಗೆ ಪ್ರಮಾಣಪತ್ರವಿದ್ದರೆ ಅದನ್ನೂ ಓದಬೇಕು. ಹಿಂಡೆನ್‌ಬುರ್ಗ್ 1934ರ ಆಗಸ್ಟ್ 2ರಂದು ತೀರಿಕೊಂಡರು. ಆಮೇಲಿನ ಪತ್ರಗಳನ್ನು ಹಿಟ್ಲರನ ಅಧಿಕಾರದ ಹೆಸರಿನಲ್ಲಿ ಕೊಡಲಾಯಿತು. 1935ರ ದಿನಾಂಕವಿದ್ದು ರಾಷ್ಟ್ರಾಧ್ಯಕ್ಷರ ಹೆಸರಿನಲ್ಲಿ ಹೊರಟ ಪತ್ರವೊಂದು ಕಂಡರೆ ಅದನ್ನು ನಂಬುವ ಮುನ್ನ ಬಹಳ ಯೋಚಿಸಬೇಕು. ತಾಯಿಯೊಬ್ಬಳ ದುಃಖವನ್ನು ಬಣ್ಣದ ಡಬ್ಬಿಯಿಂದ ಸೃಷ್ಟಿಸುವುದು ಬರಿಯ ವ್ಯಾಪಾರದ ಮೋಸವೆಂದು ನನಗೆ ತೋರುವುದಿಲ್ಲ.

ವಿರಳತೆಯ ಪರಮಾವಧಿಗೆ ಕೋಬುರ್ಗ್ ಬಿಲ್ಲೆಯೇ ನಿದರ್ಶನ. 1922ರ ಅಕ್ಟೋಬರಿನಲ್ಲಿ ಕೋಬುರ್ಗ್ ನಗರಕ್ಕೆ ಹಿಟ್ಲರನೊಡನೆ ನುಗ್ಗಿ ಬೀದಿಕಾಳಗ ನಡೆಸಿದವರಿಗೆಂದು ಹತ್ತು ವರ್ಷಗಳ ಮೇಲೆ ಮಾಡಿಸಿದ ಈ ಬಿಲ್ಲೆಯ ಅಧಿಕೃತ ಪಟ್ಟಿಯಲ್ಲಿದ್ದುದು 436 ಹೆಸರುಗಳು. ಮಾರಾಟಕ್ಕೆ ಬರುವವುಗಳ ಬಗ್ಗೆ ಈ ಒಂದು ಅಂಕಿಯೇ ಎಚ್ಚರಿಕೆ ಹೇಳುತ್ತದೆ. ಸ್ವಸ್ತಿಕದ ಗುರುತಿರುವ ಇಂತಹ ವಸ್ತುಗಳನ್ನು ಸಾರ್ವಜನಿಕವಾಗಿ ಪ್ರದರ್ಶಿಸುವುದನ್ನು ಜರ್ಮನಿಯ ದಂಡಸಂಹಿತೆಯ 86ಎ ವಿಧಿಯು ನಿಷೇಧಿಸಿ, ಶಿಕ್ಷಣ, ಸಂಶೋಧನೆ, ಕಲೆಗಳ ಉದ್ದೇಶಕ್ಕೆ ವಿನಾಯಿತಿ ಕೊಟ್ಟಿದೆ. ಆ ವಿವೇಕವನ್ನು ನಾನು ಮನಸಾ ಮೆಚ್ಚುತ್ತೇನೆ. ಈ ಬಿಲ್ಲೆಗಳು ಅಪರಾಧವೊಂದರ ಸಾಕ್ಷ್ಯಗಳು. ಅವುಗಳನ್ನು ಎದೆಯ ಮೇಲೆ ಧರಿಸಲೂ ಗೋಡೆಯ ಮೇಲೆ ಮೆರೆಸಲೂ ಬಯಸುವವನನ್ನು ಸಂಗ್ರಾಹಕನೆಂದು ಕರೆಯಲು ನಾನು ಒಪ್ಪೆನು. ಸಾಕ್ಷ್ಯವೆಂಬ ಕಾರಣಕ್ಕಾಗಿಯೇ ಅವು ನಿಜವಾದವಾಗಿರಬೇಕು. ಸುಳ್ಳು ಸಾಕ್ಷ್ಯವು ನಿಜವಾದ ಸಾಕ್ಷ್ಯದ ಬಲವನ್ನೂ ಕುಂದಿಸುತ್ತದೆ.

ಪ್ರತಿಕೃತಿಯೆಲ್ಲವೂ ಮೋಸವಲ್ಲವೆಂಬುದನ್ನೂ ಹೇಳಬೇಕು. 1957ರ ಜುಲೈ 26ರ ಕಾಯಿದೆಯಂತೆ ಪಶ್ಚಿಮ ಜರ್ಮನಿಯಲ್ಲಿ ಯುದ್ಧಕಾಲದ ಪದಕಗಳನ್ನು ಸ್ವಸ್ತಿಕವಿಲ್ಲದೆ ಧರಿಸಲು ಅನುಮತಿ ಸಿಕ್ಕಿ, ಹಾಗೆ ಹೊಸದಾಗಿ ಮಾಡಿಸಿದವು ನಕಲಿಗಳಲ್ಲ, ತಮ್ಮ ಕಾಲದ ನಿಜವಾದ ವಸ್ತುಗಳು. ಕಾರ್ಲ್ ಗೆಟ್ಸ್‌ನ ಲೂಸಿಟಾನಿಯ ಪದಕದ ಕಥೆ ಇನ್ನೂ ವಿಚಿತ್ರವಾದುದು. ಜರ್ಮನ್ ಜಲಾಂತರ್ನೌಕೆಯ ದಾಳಿಗೆ ಸಿಕ್ಕಿ, ಸುಮಾರು ಸಾವಿರದ ಇನ್ನೂರು ಜನರೊಡನೆ ಲೂಸಿಟಾನಿಯ ಎಂಬ ಆ ಬ್ರಿಟಿಷ್ ಪ್ರಯಾಣಿಕ ಹಡಗು ಮುಳುಗಿದುದು 1915ರ ಮೇ 7ರಂದು. ಗೆಟ್ಸ್ ಪದಕದ ಮೇಲೆ ತಪ್ಪಾಗಿ 5 ಎಂದು ಹಾಕಿ, ಆಮೇಲೆ 7 ಎಂದು ತಿದ್ದಿದನು. ಎರಡು ದಿನ ಮೊದಲೇ ಕೊಲೆಯ ಯೋಜನೆ ಆಗಿತ್ತೆಂಬುದಕ್ಕೆ ಆ ತಪ್ಪನ್ನೇ ರುಜುವಾತೆಂದು ತೋರಿಸಿ, ಬ್ರಿಟಿಷರು ಅದರ ಪ್ರತಿಕೃತಿಗಳನ್ನು ಲಕ್ಷಗಟ್ಟಲೆ ಕಬ್ಬಿಣದಲ್ಲಿ ಎರೆಸಿ, ಪೆಟ್ಟಿಗೆಯಲ್ಲಿಟ್ಟು ಒಂದು ಷಿಲಿಂಗಿಗೆ ಒಂದರಂತೆ ಮಾರಿದರು. ಆ ಪ್ರತಿಕೃತಿಗೂ ಈಗ ನೂರು ವರ್ಷ ಮೀರಿದೆ. ಅದು ಪ್ರಚಾರಯುದ್ಧದ ನಿಜವಾದ ಅವಶೇಷ. ಅದನ್ನು ಜರ್ಮನ್ ಮೂಲವೆಂದು ಮಾರಿದಾಗ ಮಾತ್ರ ಅದು ಸುಳ್ಳಾಗುತ್ತದೆ. ಬೇರ್ಪಡಿಸುವುದಕ್ಕೆ ಒಂದು ಅಕ್ಷರ ಸಾಕು: ಮೇ ತಿಂಗಳಿನ ಹೆಸರನ್ನು ಗೆಟ್ಸ್ ಜರ್ಮನ್ ಕಾಗುಣಿತದಂತೆ ‘ಐ’ ಅಕ್ಷರದಿಂದ ಮುಗಿಸಿದನು, ಬ್ರಿಟಿಷರ ಎರಕದಲ್ಲಿ ಅದು ಇಂಗ್ಲಿಷಿನ ‘ವೈ’ ಅಕ್ಷರದಿಂದ ಮುಗಿಯುತ್ತದೆ.

ಯಾರ ಮನೆಯ ಹಳೆಯ ಪೆಟ್ಟಿಗೆಯಲ್ಲಾದರೂ ಇಂತಹ ಬಿಲ್ಲೆಯೊಂದು ಉಳಿದಿದ್ದರೆ, ಅವರಲ್ಲಿ ನನ್ನದೊಂದು ಬಿನ್ನಹವಿದೆ. ಹುಣಿಸೆಹಣ್ಣಿನಿಂದಲೂ ಪಾಲಿಷಿನಿಂದಲೂ ಅದನ್ನು ಬೆಳಗಬೇಡಿರಿ. ಹಾಗೆ ಉಜ್ಜಿದ ಮೇಲೆ ಸವೆತದ ಗುರುತೂ ಕಾಲದ ಮಂಕೂ ಹೋಗಿ, ಪರೀಕ್ಷಿಸುವವನಿಗೆ ಆಧಾರವೇ ಇಲ್ಲದಾಗುತ್ತದೆ. ಅದರೊಡನೆ ಬಂದ ಚೀಟಿ, ಲಕೋಟೆ, ಮುರುಕು ಡಬ್ಬಿ, ಯಾವುದನ್ನೂ ಎಸೆಯಬೇಡಿರಿ. ಅದು ಯಾರಿಂದ, ಎಂದು, ಹೇಗೆ ನಿಮ್ಮ ಮನೆಗೆ ಬಂದಿತೆಂಬುದನ್ನು ಒಂದು ಕಾಗದದಲ್ಲಿ ಬರೆದು, ಬಿಲ್ಲೆಯ ಜೊತೆಯಲ್ಲಿಯೇ ಇಡಿರಿ.