ಎದುರು ಮನೆಯವರ ಸೈಜು ನಿಮಗಲ್ಲ

ಮಗುವಿಗೆ ಹಾಲು ಬಿಡಿಸಿದ ಮೇಲೆ ಬ್ಲೌಸ್ ಸಡಿಲವಾಯಿತು, ಟೈಲರ್ ಹತ್ತಿರ ಅಳತೆ ಕೊಡೋಕೂ ಮುಜುಗರ ಅಂತೀರಾ? ಇಂಪ್ಲಾಂಟ್ ಹಾಕಿಸಿಕೊಳ್ಳುವ ಯೋಚನೆ ಇದ್ದರೆ ಸೈಜಿನ ವಿಷಯ ಮೊದಲು ತಿಳಿದುಕೊಳ್ಳಿ.

ಇಂಪ್ಲಾಂಟನ್ನು ಅಳೆಯೋದು ಬ್ರಾ ಕಪ್ಪಿನ ಲೆಕ್ಕದಲ್ಲಲ್ಲ, ಸಿಸಿ ಲೆಕ್ಕದಲ್ಲಿ. ಸಪೂರ ಮೈಯವರಿಗೆ 250 ಸಿಸಿ ತುಂಬಿ ಕಂಡರೆ, ಅಗಲ ಎದೆಯವರಿಗೆ ಅದೇ 250 ಇದ್ದೂ ಇಲ್ಲದಂತೆ. ಅದಕ್ಕೇ ಡಾಕ್ಟರು ಟೇಪ್ ಹಿಡಿದು ಸ್ತನದ ಬುಡದ ಅಗಲ ಅಳೆಯಬೇಕು, ಚರ್ಮ ಎಷ್ಟು ಹಿಗ್ಗುತ್ತೆ ಅಂತ ನೋಡಬೇಕು. ಬುಡಕ್ಕಿಂತ ಅಗಲವಾದದ್ದನ್ನು ತುರುಕಿದರೆ ಅಂಚು ಕೈಗೆ ಸಿಗುತ್ತೆ, ಭಾರಕ್ಕೆ ಚರ್ಮ ತೆಳುವಾಗಿ ಜೋಲುತ್ತೆ, ಮತ್ತೆ ಆಪರೇಷನ್ ಟೇಬಲ್ಲೇ ಗತಿ. ಅಳತೆ ತೆಗೆಯದೆ ಬರೀ ಫೋಟೊ ತೋರಿಸಿ ಸೈಜು ಹೇಳಿದರೆ ಸುಮ್ಮನೆ ಎದ್ದು ಬನ್ನಿ.

ಈಗಾಗಲೇ ಜೋತುಬಿದ್ದಿದ್ದರೆ ದೊಡ್ಡ ಇಂಪ್ಲಾಂಟ್ ಅದನ್ನು ಎತ್ತಿ ನಿಲ್ಲಿಸೋದಿಲ್ಲ. ಅದಕ್ಕೆ ಲಿಫ್ಟ್ ಅನ್ನೋ ಬೇರೆ ಸರ್ಜರಿ ಇದೆ, ಕೇಳಿ.

ಮಂಡ್ಯ, ಮದ್ದೂರು, ಮಳವಳ್ಳಿಯಿಂದ ಮೈಸೂರಿಗೋ ಬೆಂಗಳೂರಿಗೋ ಹೋದವರು, ಮತ್ತೆ ಯಾರು ಬರ್ತಾರೆ ಅಂತ ಅವತ್ತೇ ಅಡ್ವಾನ್ಸ್ ಕಟ್ಟಿಬಿಡಬೇಡಿ. ಡಾಕ್ಟರು ಹೇಳಿದ ಎರಡು ಮೂರು ನಂಬರ್ ಬರೆದುಕೊಂಡು ಮನೆಗೆ ಬನ್ನಿ. ಒಂದು ಸಿಸಿ ಅಂದರೆ ಒಂದು ಎಂ.ಎಲ್. ಅಳತೆ ಲೋಟದಲ್ಲಿ ಅಷ್ಟು ಅಕ್ಕಿ ಅಳೆದು ತೆಳು ಕಾಲುಚೀಲಕ್ಕೆ ಹಾಕಿ ಗಂಟು ಕಟ್ಟಿ. (ಸಕ್ಕರೆ ನಾಡಿನವರು ಅಂತ ಸಕ್ಕರೆ ತುಂಬೀರಿ, ಇರುವೆ ಬಂದೀತು!) ಎರಡೂ ಕಡೆ ಸ್ವಲ್ಪ ದೊಡ್ಡ ಬ್ರಾ ಒಳಗಿಟ್ಟುಕೊಂಡು ಎರಡು ದಿನ ಕಸ ಗುಡಿಸಿ, ಬಟ್ಟೆ ಒಣಗಿಸಿ, ನೈಟಿಯಲ್ಲೂ ಸೀರೆಯಲ್ಲೂ ಕನ್ನಡಿ ನೋಡಿ. ಇದು ಅಂದಾಜು ಅಷ್ಟೇ, ಒಳಗೆ ಕೂತಾಗ ಸ್ವಲ್ಪ ಕಮ್ಮಿ ಕಾಣಬಹುದು. ಆದರೂ ಬೆನ್ನು, ಭುಜ ಏನು ಹೇಳುತ್ತೆ ಅಂತ ಗೊತ್ತಾಗುತ್ತೆ.

ಎರಡನೇ ಸಲ ಹೋದಾಗ ಡಾಕ್ಟರಿಗೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿ.ಎನ್.ಬಿ. ಇದೆಯಾ ಕೇಳಿ, ಸಂಕೋಚ ಬೇಡ. ಇಂಪ್ಲಾಂಟ್ ಯಾವ ಕಂಪನಿಯದು, ಮೇಲ್ಮೈ ನುಣುಪೋ ತರಿಯೋ ಅಂತಲೂ ಕೇಳಿ. ಅಪರೂಪದ ಲಿಂಫೋಮಾ ಕ್ಯಾನ್ಸರಿನ ನಂಟು ಕಂಡುಬಂದದ್ದರಿಂದ ಅಲರ್ಗನ್ ಕಂಪನಿ ತನ್ನ ತರಿ ಮೈಯ 'ಬಯೋಸೆಲ್' ಇಂಪ್ಲಾಂಟುಗಳನ್ನು 2019ರಲ್ಲಿ ಜಗತ್ತಿನಾದ್ಯಂತ ವಾಪಸು ತೆಗೆದುಕೊಂಡಿತು. ಇಂಪ್ಲಾಂಟ್ ಕಾರ್ಡನ್ನು ಒಡವೆ ರಸೀದಿಯ ಜೊತೆ ಜೋಪಾನ ಮಾಡಿ. ಇದು ಜೀವಮಾನದ ವಸ್ತುವಲ್ಲ, ಎಂದಾದರೂ ತೆಗೆಸಬೇಕಾಗಬಹುದು, ಬದಲಿಸಬೇಕಾಗಬಹುದು. ಆ ಖರ್ಚನ್ನೂ ಈಗಲೇ ಲೆಕ್ಕ ಹಾಕಿ.

ಆಪರೇಷನ್ ಆದ ಮೇಲೆ ಕೆಲವು ವಾರ ಗ್ಯಾಸ್ ಸಿಲಿಂಡರ್, ನೀರಿನ ಬಿಂದಿಗೆ, ಮಗು ಯಾವುದನ್ನೂ ಎತ್ತುವಂತಿಲ್ಲ. ಅತ್ತೆಯವರೋ ಅಮ್ಮನೋ ಮನೆಯಲ್ಲಿರುವ ದಿನ ನೋಡಿ ಡೇಟ್ ತೆಗೆದುಕೊಳ್ಳಿ. ಮುಂದೆ ಮ್ಯಾಮೋಗ್ರಾಂ ಮಾಡಿಸುವಾಗ ಒಳಗೆ ಇಂಪ್ಲಾಂಟ್ ಇದೆ ಅಂತ ಮೊದಲೇ ಹೇಳಿಬಿಡಿ.