ಸರ್ಜಾಪುರದ ಅರ್ಜಿ, ಪೀಣ್ಯದ ಪಿಎಫ್

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆ ಕೋಡಿಂಗ್ ಕೋರ್ಸಿನ ಬೋರ್ಡುಗಳು ಹೆಜ್ಜೆಗೊಂದು ಸಿಗುತ್ತವೆ. ರಾಜಕೀಯ, ಮಾಧ್ಯಮ, ಸಾರ್ವಜನಿಕ ನೀತಿ ಓದುತ್ತೇನೆ ಎನ್ನುವ ಹುಡುಗಿಗೆ ದಾರಿ ಹೇಳುವವರು ಕಡಿಮೆ. ಆದರೆ ಆ ಓದಿನ ಒಳ್ಳೆಯ ವಿಳಾಸಗಳು ಇರುವುದೂ ಬೆಂಗಳೂರಿನ ಅಂಚಿನಲ್ಲೇ. ಮೈಸೂರು ರಸ್ತೆಯ ಕುಂಬಳಗೋಡಿನಲ್ಲಿರುವ ಐಐಜೆಎನ್‌ಎಂ 2001ರಿಂದ ಪತ್ರಿಕೋದ್ಯಮ ಕಲಿಸುತ್ತಿದೆ. ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲಿನಲ್ಲಿ 2014ರಲ್ಲಿ ಸಾರ್ವಜನಿಕ ನೀತಿಯ ಸ್ನಾತಕೋತ್ತರ ಕೋರ್ಸ್ ಶುರುವಾಯಿತು. ಸರ್ಜಾಪುರದ ಬುರುಗುಂಟೆ ಗ್ರಾಮದಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವಿದೆ. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು.

ರಾಜ್ಯ ವಿಧಾನಮಂಡಲದ ಕಾಯ್ದೆಯ ಮೂಲಕ 2010ರಲ್ಲಿ ಹುಟ್ಟಿದ ಈ ಖಾಸಗಿ ವಿಶ್ವವಿದ್ಯಾಲಯದ ಮೊದಲ ತಂಡ ಸೇರಿದ್ದು 2011ರಲ್ಲಿ. ಆಗ ತರಗತಿಗಳು ನಡೆಯುತ್ತಿದ್ದದ್ದು ಹೊಸೂರು ರಸ್ತೆಯಲ್ಲಿ, ಎಲೆಕ್ಟ್ರಾನಿಕ್ ಸಿಟಿಗೆ ಅಂಟಿಕೊಂಡ ಪಿಇಎಸ್ ಕ್ಯಾಂಪಸ್ಸಿನಲ್ಲಿ. ಸ್ವಂತ ಜಾಗಕ್ಕೆ ಹೋದದ್ದು ಅನಂತರ. ಇಲ್ಲಿ ರಾಜಕೀಯ ಎಂಬುದು ಒಂದು ವಿಭಾಗದೊಳಗೆ ಕೂತಿಲ್ಲ. ಅಭಿವೃದ್ಧಿ, ಶಿಕ್ಷಣ, ಅರ್ಥಶಾಸ್ತ್ರ, ಇತಿಹಾಸ ಎಲ್ಲದರಲ್ಲೂ ಹರಡಿಕೊಂಡಿದೆ. ಲೋಕನೀತಿ-ಸಿಎಸ್‌ಡಿಎಸ್ ಎಂಬ ಸಂಶೋಧನಾ ಸಂಸ್ಥೆಯ ಜೊತೆ ಸೇರಿ, ಚುನಾವಣೆ ಇಲ್ಲದ ದಿನಗಳಲ್ಲಿ ಜನ ಸರ್ಕಾರವನ್ನು, ಪೊಲೀಸರನ್ನು, ಪರಸ್ಪರರನ್ನು ಹೇಗೆ ಕಾಣುತ್ತಾರೆ ಎಂಬ ಸಮೀಕ್ಷೆಗಳನ್ನೂ ಇದು ನಡೆಸಿದೆ.

ಅಂಕಪಟ್ಟಿಯೊಂದೇ ಇಲ್ಲಿ ಸಾಲದು. ಪ್ರವೇಶ ಪರೀಕ್ಷೆ, ಆಮೇಲೆ ಮುಖಾಮುಖಿ ಸಂದರ್ಶನ. ಇಂಥ ಕೋರ್ಸುಗಳಿಗೆ ಅರ್ಜಿ ಹಾಕುವ ನಮ್ಮ ಮಕ್ಕಳು ಮುಗ್ಗರಿಸುವುದು ಗಣಿತದಲ್ಲಲ್ಲ, ‘ಯಾಕೆ ಓದಬೇಕು’ ಎಂಬ ಪ್ರಶ್ನೆಯಲ್ಲಿ. ‘ಸಮಾಜಸೇವೆ ಮಾಡುವ ಆಸೆ’, ‘ದೇಶದ ಬದಲಾವಣೆಗೆ ನನ್ನ ಕೊಡುಗೆ’ ಎಂದು ಬರೆದು ಬರುತ್ತಾರೆ. ಅದೇ ಮಾತನ್ನು ಹೇಳುವವರು ಸರತಿಯಲ್ಲಿ ಇನ್ನೂ ಬಹಳ ಮಂದಿ ಇರುತ್ತಾರೆ. ತಮ್ಮ ಮನೆಯಲ್ಲೇ ಇರುವ ರಾಜಕೀಯ ಅವರ ಕಣ್ಣಿಗೆ ಬಿದ್ದಿರುವುದಿಲ್ಲ.

2016ರ ಏಪ್ರಿಲ್ ನೆನಪಿಸಿಕೊಳ್ಳಿ. ಕಂಪನಿಯವರು ಕಟ್ಟಿದ ಪಿಎಫ್ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಆ ವರ್ಷದ ಫೆಬ್ರವರಿಯಲ್ಲಿ ನಿಯಮ ತಂದಿತ್ತು. ಗಾರ್ಮೆಂಟ್ಸ್ ಹೆಂಗಸರಿಗೆ ಪಿಎಫ್ ಎಂದರೆ ಮುಪ್ಪಿನ ಗಂಟಲ್ಲ. ಕೆಲಸ ಬಿಟ್ಟಾಗ ಕೈಗೆ ಸಿಗುವ ಹಣ ಅದು. ಮಗಳ ಮದುವೆ, ಊರಿನ ಸಾಲ, ಮಗನ ಕಾಲೇಜು ಫೀಸು ನಡೆಯುವುದು ಅದರಲ್ಲಿ. ಏಪ್ರಿಲ್ 18ನೇ ತಾರೀಕು ಆ ಹೆಂಗಸರು ಬೊಮ್ಮನಹಳ್ಳಿ ಕಡೆ ಹೊಸೂರು ರಸ್ತೆಗೆ ಇಳಿದರು. ಮರುದಿನ ಪೀಣ್ಯ, ಜಾಲಹಳ್ಳಿ ಕ್ರಾಸ್, ಹೆಬ್ಬಗೋಡಿ. ದೊಡ್ಡ ಸಂಘಟನೆಯ ಕರೆ ಇರಲಿಲ್ಲ, ವೇದಿಕೆಯ ಮೇಲೆ ನಾಯಕರಿರಲಿಲ್ಲ. ಪೊಲೀಸರು ಲಾಠಿ ಬೀಸಿದರು, ಬಸ್ಸುಗಳಿಗೆ ಬೆಂಕಿ ಬಿತ್ತು. 19ರ ಸಂಜೆಯೊಳಗೆ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ನಿಯಮ ಹಿಂತೆಗೆದುಕೊಂಡರು.

ಹೊಲಿಗೆ ಮಷಿನ್ ಮುಂದೆ ದಿನ ಕಳೆಯುವ ಹೆಂಗಸರು ಎರಡೇ ದಿನದಲ್ಲಿ ದೆಹಲಿಯ ಆದೇಶ ಬದಲಿಸಿದರು. ರಸ್ತೆಗೆ ಇಳಿಯುವ ಸುದ್ದಿ ಒಂದು ಫ್ಯಾಕ್ಟರಿಯ ಗೇಟಿನಿಂದ ಇನ್ನೊಂದಕ್ಕೆ ಹೋದದ್ದು ಹೇಗೆ? ಟಿವಿ ಕ್ಯಾಮೆರಾ ಹೆಚ್ಚು ಹೊತ್ತು ತೋರಿಸಿದ್ದು ಟ್ರಾಫಿಕ್ ಜಾಮನ್ನೋ, ಪಿಎಫ್ ನಿಯಮವನ್ನೋ? ಮಾಧ್ಯಮ, ರಾಜಕೀಯ ಎರಡೂ ಈ ಪ್ರಶ್ನೆಗಳಲ್ಲಿವೆ. ಅಂದು ರಸ್ತೆಯಲ್ಲಿದ್ದ ಒಬ್ಬ ತಾಯಿಯನ್ನು ಮಗಳು ಕೂರಿಸಿಕೊಂಡು, ‘ಅಮ್ಮಾ, ಅವತ್ತು ನಿಂಗೆ ಯಾರು ಹೇಳಿದ್ರು? ಲೈನಿಂದ ಎದ್ದು ಹೋಗೋಕೆ ಭಯ ಆಗ್ಲಿಲ್ವಾ?’ ಎಂದು ಕೇಳಿ ಬರೆದರೆ ಆ ಪುಟ ಬೇರೆ ಯಾರ ಅರ್ಜಿಯಲ್ಲೂ ಇರುವುದಿಲ್ಲ.

ಇನ್ನೊಂದು ವಿಷಯವೂ ಕೈಯಳತೆಯಲ್ಲಿದೆ. ಎಲೆಕ್ಟ್ರಾನಿಕ್ ಸಿಟಿಯನ್ನು 2013ರಲ್ಲಿ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರ ಎಂದು ಸರ್ಕಾರ ಘೋಷಿಸಿತು. ತೆರಿಗೆ, ರಸ್ತೆ, ದೀಪ ಎಲ್ಲವನ್ನೂ ‘ಎಲ್ಸಿಟಾ’ ಎಂಬ ಆ ಪ್ರಾಧಿಕಾರವೇ ನೋಡಿಕೊಳ್ಳುತ್ತದೆ. ರಸ್ತೆಗಳು ಚೆನ್ನಾಗಿವೆ, ಮತ ಹಾಕಿ ಆರಿಸಿದ ಕೌನ್ಸಿಲರ್ ಇಲ್ಲ. ಅತ್ತ ನಗರದ ಪಾಲಿಕೆಯಾಗಿದ್ದ ಬಿಬಿಎಂಪಿಯೂ 2020ರ ಸೆಪ್ಟೆಂಬರಿನಿಂದ ವರ್ಷಗಟ್ಟಲೆ ಚುನಾಯಿತ ಕೌನ್ಸಿಲ್ ಇಲ್ಲದೆ ನಡೆಯಿತು. ಎರಡನ್ನೂ ಪಕ್ಕಪಕ್ಕ ಇಟ್ಟು ಯೋಚಿಸಿದವರು ಸಂದರ್ಶನದಲ್ಲಿ ತಡವರಿಸುವ ಅಗತ್ಯವಿಲ್ಲ.

ಇಂಗ್ಲಿಷಿನ ಹೆದರಿಕೆ ನಿಜ, ಅದನ್ನು ಸಣ್ಣದು ಎನ್ನಲಾರೆ. ಪಾಠ, ಪುಸ್ತಕ ಹೆಚ್ಚಾಗಿ ಇಂಗ್ಲಿಷಿನಲ್ಲೇ. ಕನ್ನಡ ಮಾಧ್ಯಮದ ಮಕ್ಕಳು ಮೊದಲು ಕನ್ನಡದಲ್ಲೇ ಯೋಚಿಸಿ, ಕನ್ನಡದಲ್ಲೇ ಕರಡು ಬರೆದುಕೊಳ್ಳಲಿ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವೇ ನಡೆಸುವ ‘ಅನುವಾದ ಸಂಪದ’ ಎಂಬ ಜಾಲತಾಣದಲ್ಲಿ ಸಮಾಜವಿಜ್ಞಾನ, ಶಿಕ್ಷಣದ ಲೇಖನಗಳು ಕನ್ನಡದಲ್ಲಿವೆ, ದುಡ್ಡಿಲ್ಲದೆ ಓದಬಹುದು.

ಶುಲ್ಕ ನೋಡಿ ಹಿಂದೆ ಸರಿಯಬೇಡಿ. ಮನೆಯ ಆದಾಯ ನೋಡಿ ಕೊಡುವ ವಿದ್ಯಾರ್ಥಿವೇತನ ಬೋಧನಾ ಶುಲ್ಕದ ಜೊತೆಗೆ ಊಟ, ವಸತಿಯನ್ನೂ ಪೂರ್ತಿ ಭರಿಸುವಷ್ಟಿರಬಹುದು. ಅದಕ್ಕೆ ಆದಾಯದ ದಾಖಲೆ ಬೇಕು. ಅಪ್ಪ ಅಮ್ಮನ ಸಂಬಳದ ಚೀಟಿಗಳನ್ನು ಎತ್ತಿಡಿ, ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರಕ್ಕೆ ಮೊದಲೇ ಅರ್ಜಿ ಕೊಡಿ. ಅದರಲ್ಲಿ ಹೆಸರಿನ ಒಂದಕ್ಷರ ತಪ್ಪಿದರೂ ತಿದ್ದಿಸಲು ದಿನಗಟ್ಟಲೆ ಓಡಾಡಬೇಕಾಗುತ್ತದೆ. ಪ್ರವೇಶದ ವೇಳಾಪಟ್ಟಿ ಪ್ರತಿ ವರ್ಷ ಬದಲಾಗುತ್ತದೆ, ವೆಬ್‌ಸೈಟನ್ನು ದಸರಾ ರಜೆಯಿಂದಲೇ ನೋಡುತ್ತಿರಿ.