ವಲೆನ್ಸಿಯಾ ನಗರದಲ್ಲಿ ನೀರಿನ ನ್ಯಾಯ

ಬಿಸಿಲನ್ನು ಅರಸಿ ಯೂರೋಪಿನ ಜನರು ಹೋಗುವ ಪಟ್ಟಣಗಳಲ್ಲಿ ಸ್ಪೇಯಿನ್ ದೇಶದ ವಲೆನ್ಸಿಯಾ ಒಂದು. ಮೆಡಿಟರೇನಿಯನ್ ಸಮುದ್ರದ ತೀರದಲ್ಲಿರುವ ಈ ನಗರದಲ್ಲಿ ವರ್ಷದ ಬಹುಭಾಗ ಆಕಾಶವು ನಿರ್ಮಲವಾಗಿರುವುದು. ಮಳೆ ಸ್ವಲ್ಪ, ಅದೂ ಶರತ್ಕಾಲದಲ್ಲಿ ಹೆಚ್ಚು. ಈಚೆಗೆ ಅಲ್ಲಿ ಮೂರು ದಿನಗಳು ತಂಗುವ ಅವಕಾಶವು ನಮಗೆ ಒದಗಿತು. ಬಿಸಿಲಿನ ಊರಿನಲ್ಲಿ ನಾವು ಅರಿತುಬಂದದ್ದು ನೀರಿನ ವಿಚಾರ. ಅದನ್ನು ವಾಚಕರ ಮುಂದಿಡುವೆವು.

ಪೇಟೆಯಲ್ಲಿ ಮೊದಲು ಕಣ್ಣಿಗೆ ಬಿದ್ದುದು ಕಿತ್ತಳೆಯ ರಾಶಿ. ಸ್ಪೇಯಿನಿನ ಭಾಷೆಯಲ್ಲಿ ಅದಕ್ಕೆ ‘ನರಾಂಹಾ’ ಎನ್ನುವರು. ನಮ್ಮ ಸಂಸ್ಕೃತದ ‘ನಾರಂಗ’ವೇ ಪಾರಸಿ, ಅರಬ್ಬಿ ಭಾಷೆಗಳ ಮಾರ್ಗವಾಗಿ ಅಲ್ಲಿಗೆ ಹೋಗಿ ನೆಲಸಿದೆ. ಆ ಶಬ್ದವೂ ದ್ರಾವಿಡಮೂಲದ್ದಿರಬಹುದೆಂದು ಪಂಡಿತರ ಊಹೆ. ಅರಬ್ಬರು ಅಲ್ಲಿ ಬತ್ತದ ಬೇಸಾಯವನ್ನೂ ಹರಡಿದರು. ಅಲ್ಬುಫೇರಾ ಸರೋವರದ ಸುತ್ತಣ ಗದ್ದೆಗಳೂ, ಅಗಲವಾದ ಬಾಣಲೆಯಲ್ಲಿ ಬೇಯಿಸುವ ‘ಪಯೇಯಾ’ ಎಂಬ ಅನ್ನವೂ ಅದರ ಫಲ. ಬತ್ತಕ್ಕೂ ಕಿತ್ತಳೆಗೂ ನೀರು ಬೇಕಷ್ಟೆ. ತುರಿಯಾ ನದಿಯ ನೀರನ್ನು ತೋಟಗಳಿಗೆ ಒಯ್ಯುವ ಕಾಲುವೆಗೆ ‘ಅಸೇಕಿಯಾ’ ಎಂದು ಹೆಸರು. ಈ ಪದವೂ ಅರಬ್ಬಿಯಿಂದ ಬಂದುದೇ.

ಪ್ರತಿ ಗುರುವಾರ ಮಧ್ಯಾಹ್ನ ಹನ್ನೆರಡು ಗಂಟೆ ಹೊಡೆಯುತ್ತಲೇ, ನಗರದ ಮುಖ್ಯ ಕ್ರೈಸ್ತದೇವಾಲಯದ ಅಪೊಸ್ತಲರ ಬಾಗಿಲಿನ ಮುಂದೆ ನೀರಿನ ನ್ಯಾಯಸಭೆ ಕೂಡುವುದು. ಕಪ್ಪು ನಿಲುವಂಗಿ ತೊಟ್ಟು ವರ್ತುಲಾಕಾರವಾಗಿ ಕುಳಿತುಕೊಳ್ಳುವ ನ್ಯಾಯಾಧಿಪತಿಗಳು ವಕೀಲರಲ್ಲ. ಎಂಟು ಕಾಲುವೆಗಳ ರೈತರು ತಮ್ಮೊಳಗಿನಿಂದಲೇ ಆರಿಸಿ ಕಳುಹಿಸಿದ ಒಕ್ಕಲಿಗರು. ವಿಚಾರಣೆಯೆಲ್ಲ ಬಾಯಿಮಾತಿನಲ್ಲಿ, ಊರವರ ನುಡಿಯಲ್ಲಿ. ಯಾವ ಕಾಲುವೆಯ ಮೇಲೆ ವ್ಯಾಜ್ಯವಿದೆಯೋ ಆ ಕಾಲುವೆಯ ಪ್ರತಿನಿಧಿಯು ತೀರ್ಪಿನಲ್ಲಿ ಭಾಗವಹಿಸಕೂಡದು. ಕೊಟ್ಟ ತೀರ್ಪಿನ ಮೇಲೆ ಅಪೀಲಿಲ್ಲ. ಈ ಪದ್ಧತಿಯು ಸಾವಿರ ವರ್ಷಗಳಷ್ಟು ಹಳೆಯದೆಂದು ಪ್ರತೀತಿ. 2009ರಲ್ಲಿ ಯುನೆಸ್ಕೋ ಸಂಸ್ಥೆಯು ಇದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ನಾವು ಹೋದ ದಿನ ದೂರೇ ಇರಲಿಲ್ಲ. ಚಾರಕನು ಒಂದೊಂದಾಗಿ ಕಾಲುವೆಗಳ ಹೆಸರು ಕೂಗಿದನು. ಯಾರೂ ಮುಂದೆ ಬರಲಿಲ್ಲ. ಕೆಲವೇ ನಿಮಿಷಗಳಲ್ಲಿ ಸಭೆ ಮುಗಿಯಿತು. ನೋಡಬಂದವರಿಗೆ ನಿರಾಶೆಯಾಯಿತು. ನಮಗಾದರೋ, ದೂರಿಲ್ಲದ ನ್ಯಾಯಸ್ಥಾನವೇ ಶ್ರೇಷ್ಠವೆಂದು ತೋರಿತು. ಕೆರೆಯ ನೀರನ್ನು ಸರದಿಯಂತೆ ಬಿಡುತ್ತಿದ್ದ ನಮ್ಮ ನಾಡಿನ ನೀರುಗಂಟಿಯ ನೆನಪಾಯಿತು.

ಆದರೆ ನೀರು ಕೊರತೆಯಿಂದ ಮಾತ್ರವೇ ಪೀಡಿಸುವುದಿಲ್ಲ. 1957ರ ಅಕ್ಟೋಬರ್ 14ರಂದು ಇದೇ ತುರಿಯಾ ಎರಡು ಬಾರಿ ಉಕ್ಕಿ ನಗರವನ್ನು ಮುಳುಗಿಸಿತು. ಕನಿಷ್ಠ 81 ಮಂದಿ ಮಡಿದರು. ಅನಂತರ ಸರಕಾರವು ನದಿಯನ್ನೇ ಊರ ದಕ್ಷಿಣಕ್ಕೆ ತಿರುಗಿಸಲು ನಿಶ್ಚಯಿಸಿ, ಸುಮಾರು 12 ಕಿಲೋಮೀಟರು ಉದ್ದದ ಹೊಸ ಪಾತ್ರವನ್ನು ತೋಡಿಸಿತು. ಬರಿದಾದ ಹಳೆಯ ಪಾತ್ರದಲ್ಲಿ ಹೆದ್ದಾರಿ ಹಾಕುವ ಆಲೋಚನೆಯಿದ್ದಿತು. ನಾಗರಿಕರು ಒಪ್ಪಲಿಲ್ಲ, ನದಿ ತಮ್ಮದು, ಅದು ಹಸುರಾಗಬೇಕೆಂದು ಹಟ ಹಿಡಿದರು. ಇಂದು ಅಲ್ಲಿ ಉದ್ಯಾನವಿದೆ. ನೀರಿಲ್ಲದ ಪುರಾತನ ಸೇತುವೆಗಳ ಕೆಳಗೆ ಮಕ್ಕಳು ಚೆಂಡಾಡುತ್ತಿದ್ದುದನ್ನು ಕಂಡು ನಾವು ಬಹಳ ಹೊತ್ತು ಅಲ್ಲಿಯೇ ನಿಂತಿದ್ದೆವು.

2024ರ ಅಕ್ಟೋಬರ್ 29ರಂದು ಮಳೆ ಮತ್ತೆ ಪರೀಕ್ಷೆ ಮಾಡಿತು. ಪಶ್ಚಿಮದ ಚೀವಾ ಎಂಬ ಊರಿನಲ್ಲಿ ಎಂಟು ಗಂಟೆಗಳಲ್ಲಿ 491 ಮಿಲಿಮೀಟರು ಸುರಿಯಿತು. ಹೊಸ ಪಾತ್ರವು ಪ್ರವಾಹವನ್ನು ತಡೆದುಕೊಂಡು ನಗರದ ನಡುಭಾಗವನ್ನು ಕಾಪಾಡಿತು. ಆದರೆ ಪಾತ್ರದಾಚೆ, ಪೋಯೋ ಎಂಬ ಹಳ್ಳವು ಉಕ್ಕಿ ಪಾಯ್ಪೋರ್ತಾ ಮೊದಲಾದ ಊರುಗಳ ಮೇಲೆ ಬಿದ್ದಿತು. ದೂರವಾಣಿಗಳಿಗೆ ಎಚ್ಚರಿಕೆಯ ಸಂದೇಶ ಬಂದುದು ರಾತ್ರಿ ಎಂಟು ಗಂಟೆಯ ಮೇಲೆ. ಅಷ್ಟರಲ್ಲಿ ಅನೇಕ ಬೀದಿಗಳು ಮುಳುಗಿದ್ದವು. ವಲೆನ್ಸಿಯಾ ಪ್ರಾಂತದಲ್ಲಿ ಇನ್ನೂರಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ಮುಂದಿನ ದಿನಗಳಲ್ಲಿ ಸಹಸ್ರಾರು ನಗರವಾಸಿಗಳು ಪೊರಕೆ, ಸಲಿಕೆಗಳನ್ನು ಹೆಗಲ ಮೇಲಿಟ್ಟುಕೊಂಡು, ಹೊಸ ಪಾತ್ರದ ಮೇಲಣ ಕಾಲುಸೇತುವೆಯನ್ನು ದಾಟಿ, ನೆರೆಯೂರವರ ಮನೆಗಳ ಕೆಸರನ್ನು ಬಳಿಯಲು ನಡೆದುಹೋದರು.

ನೀರಿನ ನ್ಯಾಯಕ್ಕೆ ಎರಡು ಮುಖಗಳೆಂದು ನಮಗೆ ಅನಿಸಿತು. ಇಲ್ಲದಾಗ ಸಮನಾಗಿ ಹಂಚಿಕೊಳ್ಳುವುದು ಮೊದಲನೆಯದು. ಅದನ್ನು ವಲೆನ್ಸಿಯದ ಒಕ್ಕಲಿಗರು ಶತಮಾನಗಳಿಂದ ನಡೆಸಿಬಂದಿರುವರು. ಹೆಚ್ಚಿದಾಗ ಕೆಳಗಿನ ಊರಿನವನನ್ನು ಕಾಲಕ್ಕೆ ಸರಿಯಾಗಿ ಕೂಗಿ ಎಚ್ಚರಿಸುವುದು ಎರಡನೆಯದು. ಅದು ತಪ್ಪಿದರೆ ಎಂತಹ ಕಾಲುವೆಯೂ ಊರಿನ ಅರ್ಧವನ್ನೇ ಉಳಿಸೀತು. ಹೊಳೆಯ ದಡದಲ್ಲಿ, ಕೆರೆಯ ಕೆಳಗೆ ಮನೆ ಕಟ್ಟಿಕೊಂಡಿರುವ ಗೃಹಸ್ಥರು ಇದನ್ನು ಮನಸ್ಸಿನಲ್ಲಿಡುವುದು ಲೇಸು.